ಮನುಷ್ಯನಾಗಿಯೇ ಆಡುವ ಸೊಗಸು

ಕತ್ತಲಲ್ಲೂ ಕಣ್ಣು ಕಾಣುವ ಎಲ್ಫ್, ವಿಷಕ್ಕೂ ಸುಲಭವಾಗಿ ಜಗ್ಗದ ಡ್ವಾರ್ಫ್ ಸಿಗುವಾಗ ಬರೀ ಮನುಷ್ಯನ ಪಾತ್ರವನ್ನು ಯಾರು ಆರಿಸಿಕೊಳ್ಳುತ್ತಾರೆ? ದಾಳ, ಕಾಗದ, ಪೆನ್ಸಿಲ್ ಹಿಡಿದು ಮೇಜಿನ ಸುತ್ತ ಕೂತು ಆಡುವ ‘ಡಂಜನ್ಸ್ ಆಂಡ್ ಡ್ರಾಗನ್ಸ್’ಗೆ ಈ ಪ್ರಶ್ನೆ ಹುಟ್ಟಿನಿಂದಲೇ ಅಂಟಿಕೊಂಡಿದೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಈ ಆಟ ಹೊರತಂದಾಗ ಕೊಟ್ಟ ಉತ್ತರ ಒರಟಾಗಿತ್ತು. ಡ್ವಾರ್ಫ್ ಬೆಳೆಯುತ್ತಾ 6ನೇ ಲೆವೆಲ್‌ಗೆ, ಹಾಫ್ಲಿಂಗ್ ಎಂಬ ಕುಳ್ಳ ಜೀವಿ 4ನೇ ಲೆವೆಲ್‌ಗೆ ನಿಂತುಬಿಡಬೇಕಿತ್ತು. ಮನುಷ್ಯನಿಗೆ ಮಾತ್ರ ಆ ತಡೆಯಿರಲಿಲ್ಲ. ಬೇರೆಯವರ ಕೈ ಕಟ್ಟಿದಂತಾಯಿತೇ ಹೊರತು ಮನುಷ್ಯನ ಆಕರ್ಷಣೆ ಹೆಚ್ಚಲಿಲ್ಲ.

2000ದ ಮೂರನೇ ಆವೃತ್ತಿ ಆ ಬೇಲಿ ಕಿತ್ತೆಸೆಯಿತು. ಬದಲಿಗೆ ಮನುಷ್ಯನಿಗೆ ಮೊದಲ ಲೆವೆಲ್‌ನಲ್ಲೇ ಹೆಚ್ಚುವರಿಯಾಗಿ ಒಂದು ‘ಫೀಟ್’, ಅಂದರೆ ವಿಶೇಷ ಪಟ್ಟು, ಜೊತೆಗೆ ಹೆಚ್ಚಿನ ಕೌಶಲ ಅಂಕ. ನಿಜವಾದ ಜಾಣ್ಮೆ ಇಲ್ಲಿದೆ. ಎಲ್ಫ್‌ನ ವರಗಳು ಪುಸ್ತಕದಲ್ಲಿ ಮೊದಲೇ ಅಚ್ಚಾದವು. ಮನುಷ್ಯನ ವರವನ್ನು ಆಟಗಾರನೇ ಹುಡುಕಿ ಆರಿಸಬೇಕು. ಹಾಗಾಗಿ ಒಂದೇ ಮೇಜಿನ ಇಬ್ಬರು ಮನುಷ್ಯರು ಒಬ್ಬರಂತೆ ಒಬ್ಬರಿರಬೇಕಿಲ್ಲ.

ಆದರೆ 2014ರ ಆವೃತ್ತಿಯಲ್ಲಿ ಪಾತ್ರದ ಆರೂ ಸಾಮರ್ಥ್ಯಗಳಿಗೆ ಒಂದೊಂದು ಅಂಕ ಸೇರಿಸಿ ಕೊಟ್ಟ ಸಾದಾ ಮನುಷ್ಯ ಸಪ್ಪೆಯೇ.

2024ರ ಪರಿಷ್ಕರಣೆಯಂತೂ ಮನಸೂರೆಗೊಳ್ಳುತ್ತದೆ. ದೀರ್ಘ ವಿಶ್ರಾಂತಿ ಮುಗಿದಾಗಲೆಲ್ಲ ಮನುಷ್ಯನಿಗೆ ‘ಹೀರೋಯಿಕ್ ಇನ್‌ಸ್ಪಿರೇಷನ್’ ದಕ್ಕುತ್ತದೆ. ಕೋಟೆಗೋಡೆ ಹತ್ತುವಾಗ ಇಪ್ಪತ್ತು ಮುಖದ ದಾಳ 3 ತೋರಿಸಿತು ಎನ್ನಿ. ಸೋಲೊಪ್ಪದೆ, ಈ ಇನ್‌ಸ್ಪಿರೇಷನ್ ಖರ್ಚು ಮಾಡಿ ಆ ದಾಳವನ್ನು ಮತ್ತೊಮ್ಮೆ ಉರುಳಿಸಬಹುದು, ಆದರೆ ಎರಡನೇ ಸಲ ಬಿದ್ದದ್ದನ್ನು ಒಪ್ಪಲೇಬೇಕು. ಹಳೆಯದು ಖರ್ಚಾಗದೆ ಉಳಿದಿದ್ದರೆ, ಹೊಸದಾಗಿ ಸಿಕ್ಕಿದ್ದನ್ನು, ಅದು ತನ್ನ ಬಳಿ ಇಲ್ಲದ ಜೊತೆಗಾರನಿಗೆ ದಾಟಿಸಲೂಬಹುದು.