ಒಂದು ಸೀರೆ, ಒಂದು ಕ್ಯಾಸೆಟ್ ಮತ್ತು ಐವತ್ತು ಸಾವಿರ ಜನ

ಉರ್ದು ಬಲ್ಲವರಲ್ಲಿ ಇಕ್ಬಾಲ್ ಬಾನೊ ಅವರ ಕತೆ ಕೇಳದವರು ಕಡಿಮೆ. ಕೆಲವು ವರ್ಷಗಳಿಂದ ಕನ್ನಡದ ಸಭೆಗಳಲ್ಲೂ ಅದನ್ನು ಹೇಳುವವರು ಹೆಚ್ಚಾಗಿದ್ದಾರೆ. ಪಾಕಿಸ್ತಾನದಲ್ಲಿ ಜನರಲ್ ಜಿಯಾ ಉಲ್ ಹಕ್ ಅವರ ಸರ್ವಾಧಿಕಾರದ ಕಾಲ. ಹೆಂಗಸರು ಸೀರೆ ಉಡಬಾರದು, ಫೈಜ್ ಅಹ್ಮದ್ ಫೈಜ್ ಅವರ ಕವಿತೆ ಹಾಡಬಾರದು ಎಂದು ಕಟ್ಟಪ್ಪಣೆ. ಇಕ್ಬಾಲ್ ಬಾನೊ ಕಪ್ಪು ಸೀರೆಯುಟ್ಟು ಲಾಹೋರಿನ ಕ್ರೀಡಾಂಗಣಕ್ಕೆ ಬಂದರು, ಐವತ್ತು ಸಾವಿರ ಜನರ ಎದುರು ಫೈಜರ ‘ಹಮ್ ದೇಖೇಂಗೆ’ ಹಾಡಿದರು, ಸಿಂಹಾಸನ ನಡುಗಿತು. ಕತೆ ಹೀಗೆ ಸಾಗುತ್ತದೆ. ಕೇಳಿದವರು ಚಪ್ಪಾಳೆ ತಟ್ಟಿ, ಚಹಾ ಕುಡಿದು ಮನೆಗೆ ಹೋಗುತ್ತಾರೆ. ನಾವೂ ಹಲವು ಸಲ ಹಾಗೆಯೇ ಹೋಗಿದ್ದೇವೆ.

ನಡೆದದ್ದು ಇಷ್ಟು. 1986ರ ಫೆಬ್ರವರಿ 13, ಫೈಜ್ ಅವರ ಜನ್ಮದಿನ. ಕವಿ 1984ರ ನವೆಂಬರಿನಲ್ಲೇ ತೀರಿಕೊಂಡಿದ್ದರು. ಸೇನಾಡಳಿತವನ್ನು 1985ರ ಡಿಸೆಂಬರ್ ಕೊನೆಗೆ ಹೆಸರಿಗೆ ಹಿಂತೆಗೆದುಕೊಳ್ಳಲಾಗಿತ್ತು. ಆದರೆ ಅಧ್ಯಕ್ಷ ಪದವಿಯೂ ಸೇನಾ ಮುಖ್ಯಸ್ಥನ ಸ್ಥಾನವೂ ಜಿಯಾ ಅವರ ಕೈಯಲ್ಲೇ ಇದ್ದವು. ಕಾರ್ಯಕ್ರಮ ನಡೆದದ್ದು ಕ್ರೀಡಾಂಗಣದಲ್ಲಲ್ಲ, ಅಲ್‌ಹಮ್ರಾ ಕಲಾ ಕೇಂದ್ರದ ಸಭಾಂಗಣದಲ್ಲಿ. ಫೈಜರ ಮೊಮ್ಮಗ ಅಲಿ ಮದೀಹ್ ಹಾಶ್ಮಿ ಆ ಸಂಜೆಯ ಬಗ್ಗೆ ಬರೆದಿದ್ದಾರೆ. ಕುರ್ಚಿಗಳು ಸಾಲದೆ ಜನ ಮೆಟ್ಟಿಲ ಮೇಲೆ, ನೆಲದ ಮೇಲೆ ಕುಳಿತಿದ್ದರು. ಆ ರಾತ್ರಿ ಧ್ವನಿಮುದ್ರಣದ ಪ್ರತಿಗಳಿಗಾಗಿ ಮನೆಗಳ ಶೋಧ ನಡೆಯಿತು. ಹೇಗೋ ಉಳಿದ ಒಂದು ಪ್ರತಿ ದುಬೈ ಸೇರಿತು. ಸಭಾಂಗಣ ಎಷ್ಟೇ ತುಂಬಿದ್ದರೂ ಅಲ್ಲಿ ಐವತ್ತು ಸಾವಿರ ಜನ ಹಿಡಿಸುವ ಮಾತಿಲ್ಲ. ಸೀರೆಯ ಮಾತೂ ಹೀಗೆಯೇ. ಅದು ‘ನಮ್ಮ’ ಉಡುಪಲ್ಲ ಎಂಬ ಒತ್ತಡ ಟೀವಿಯಲ್ಲೂ ಸರ್ಕಾರಿ ವಲಯದಲ್ಲೂ ಇತ್ತು ನಿಜ. ಆದರೆ ಕತೆಯಲ್ಲಿ ಅದು ಇಡೀ ದೇಶಕ್ಕೆ ಹಾಕಿದ ಒಂದೇ ಒಂದು ಬೀಗವಾಗಿಬಿಟ್ಟಿದೆ.

ಈ ತಿದ್ದುಪಡಿಯಿಂದ ಆ ಗಾಯಕಿಯ ಎದೆಗಾರಿಕೆ ಒಂದು ಗುಲಗಂಜಿಯಷ್ಟೂ ಕಡಿಮೆಯಾಗುವುದಿಲ್ಲ. ನಮ್ಮ ಪ್ರಶ್ನೆ ಬೇರೆ. ಒಂದು ಸಭಾಂಗಣವನ್ನು ಕ್ರೀಡಾಂಗಣ ಮಾಡದೆ ನಮಗೆ ಯಾಕೆ ಸಮಾಧಾನವಾಗುವುದಿಲ್ಲ? ಸಣ್ಣದೊಂದು ನಡೆ ಸಣ್ಣದಾಗಿಯೇ ಉಳಿದರೆ ನಮಗೆ ಏನು ನಷ್ಟ?

ಕತೆ ಬರೆಯುವ ನಮಗೂ ಈ ಚಟ ಇದೆ. ಹಲವು ವರ್ಷಗಳ ಹಿಂದಿನ ಮಾತು. ಗಲಭೆಯ ದಿನಗಳಲ್ಲಿ ಪಕ್ಕದ ಮನೆಯ ಮಗುವಿಗೆ ಎಂದಿನಂತೆ ಹಾಲು ಕೊಟ್ಟು ಬರುವ ಒಬ್ಬ ಮುದುಕಿಯ ಕತೆ ಬರೆದಿದ್ದೆವು. ಕೊನೆಯ ಪುಟದಲ್ಲಿ ಆ ಮುದುಕಿ ಬೀದಿಯಲ್ಲಿ ನಿಂತು ಸೌಹಾರ್ದದ ಬಗ್ಗೆ ಒಂದು ಭಾಷಣ ಮಾಡುತ್ತಾಳೆ. ಓದುಗರೊಬ್ಬರು ಕಾರ್ಡು ಬರೆದರು. ಭಾಷಣ ಒಂದಿಲ್ಲದಿದ್ದರೆ ಆಕೆ ನಮ್ಮ ನಾನಿಯ ಹಾಗೆಯೇ ಇರುತ್ತಿದ್ದಳು ಎಂಬುದು ಆ ಕಾರ್ಡಿನ ಸಾರ. ಹಾಲಿನ ಚೊಂಬು ಹಿಡಿದು ಓಣಿ ದಾಟುವುದು ಸಾಲದು ಎಂದು ನಮಗೇ ಅನುಮಾನವಿದ್ದುದರಿಂದ ಆಕೆಯ ಬಾಯಿಗೆ ಭಾಷಣ ತುರುಕಿದ್ದೆವು. ಇಕ್ಬಾಲ್ ಬಾನೊ ಕತೆಗೆ ಐವತ್ತು ಸಾವಿರ ಜನರನ್ನು ಸೇರಿಸಿದವರಿಗೂ ಅದೇ ಅನುಮಾನ ಇದ್ದಿರಬೇಕು.

ಹಾಡನ್ನೇ ನೋಡೋಣ. ಫೈಜ್ ಅದನ್ನು ಬರೆದದ್ದು 1979ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಜಿಯಾ ಹುದೂದ್ ಕಾನೂನುಗಳನ್ನು ಜಾರಿಗೆ ತಂದರು. ಏಪ್ರಿಲ್ 4ರಂದು ಜುಲ್ಫಿಕರ್ ಅಲಿ ಭುಟ್ಟೋ ಅವರನ್ನು ಗಲ್ಲಿಗೇರಿಸಲಾಯಿತು. ‘ಹಮ್ ದೇಖೇಂಗೆ’ ಎಂಬುದು ಜನರ ಬಾಯಲ್ಲಿ ಉಳಿದ ಹೆಸರು. ಕವಿ ಕೊಟ್ಟ ಶೀರ್ಷಿಕೆ ಕುರ್‌ಆನಿನ ಸೂರಾ ರಹಮಾನ್‌ನಿಂದ ಬಂದದ್ದು. ಎಲ್ಲವೂ ಅಳಿದ ಮೇಲೂ ಉಳಿಯುವವನು ಅಲ್ಲಾಹ್ ಒಬ್ಬನೇ ಎಂಬುದು ಆ ಭಾಗದ ಅರ್ಥ. ಕವಿತೆಯ ಪ್ರತಿಮೆಗಳೂ ಅಲ್ಲಿಂದಲೇ ಬಂದಿವೆ: ಕಿಯಾಮತ್ತಿನ ದಿನ, ಹತ್ತಿಯಂತೆ ಹಾರುವ ಬೆಟ್ಟಗಳು. ಜೊತೆಗೆ ಬಾಗ್ದಾದಿನಲ್ಲಿ ಕೊಲ್ಲಲ್ಪಟ್ಟ ಸೂಫಿ ಮನ್ಸೂರ್ ಹಲ್ಲಾಜ್‌ರ ಮಾತೂ ಇದೆ. ಧರ್ಮದ ಹೆಸರಿನಲ್ಲಿ ಆಳುತ್ತಿದ್ದವರ ಎದುರು ಕಮ್ಯುನಿಸ್ಟ್ ಎನಿಸಿಕೊಂಡಿದ್ದ ಕವಿ ಹೊಸ ಘೋಷಣೆಯನ್ನೇನೂ ಹುಡುಕಲಿಲ್ಲ. ಮದ್ರಸಾದಲ್ಲಿ ಕಲಿತ ಯಾವ ಮಗುವಿಗೂ ಗೊತ್ತಿರುವ ಮಾತುಗಳನ್ನು ಆಳುವವರ ಕೈಯಿಂದ ಹಿಂದಕ್ಕೆ ಪಡೆದರು, ಅಷ್ಟೆ. ಈ ಕವಿತೆಯ ಶಕ್ತಿ ಅದರ ಆರ್ಭಟದಲ್ಲಿದೆ ಎನ್ನುವವರಿದ್ದಾರೆ. ಈ ಹಿಂಪಡೆಯುವಿಕೆಯಲ್ಲಿದೆ ಎಂದು ನಾವು ತಿಳಿದಿದ್ದೇವೆ.

ಆ ಸಂಜೆ ಸಭಾಂಗಣದಲ್ಲಿ ಎದ್ದ ಚಪ್ಪಾಳೆಯೂ ಇದ್ದಕ್ಕಿದ್ದಂತೆ ಹುಟ್ಟಿದ್ದಲ್ಲ. ಅದರ ಹಿಂದೆ ಎಂಟು ವರ್ಷಗಳ ಸಣ್ಣ ಸಣ್ಣ ನಿರಾಕರಣೆಗಳಿದ್ದವು. ಪತ್ರಿಕೆಗಳ ಪುಟಗಳು ಅಚ್ಚಿಗೆ ಮೊದಲೇ ಅಧಿಕಾರಿಗಳ ಮುಂದೆ ಹೋಗಬೇಕಿದ್ದ ಕಾಲ ಅದು. ಕತ್ತರಿ ಹಾಕಿದ ಸುದ್ದಿಯ ಜಾಗವನ್ನು ಸಂಪಾದಕರು ಖಾಲಿ ಬಿಟ್ಟು ಅಚ್ಚು ಹಾಕತೊಡಗಿದರು. ಓದುಗನಿಗೆ ಆ ಬಿಳಿ ಜಾಗವೇ ಸುದ್ದಿ. ಕೊನೆಗೆ ಖಾಲಿ ಬಿಡುವುದನ್ನೂ ತಡೆಯಲಾಯಿತು. 1978ರ ಮೇ ತಿಂಗಳಲ್ಲಿ ಪತ್ರಕರ್ತರಿಗೆ ಛಡಿ ಏಟು ಬಿದ್ದವು. ಇಂಥ ವಿವರಗಳನ್ನೆಲ್ಲ ಜಮೀರ್ ನಿಯಾಜಿ ತಾಳ್ಮೆಯಿಂದ ಕೂಡಿಸಿ ‘ದಿ ಪ್ರೆಸ್ ಇನ್ ಚೈನ್ಸ್’ ಎಂಬ ಪುಸ್ತಕ ಮಾಡಿದರು. ಅದು ಬಂದದ್ದೂ 1986ರಲ್ಲೇ. ಆದರೆ ಆ ಬಿಳಿ ಜಾಗಗಳ ಕತೆಯನ್ನು ಸಭೆಗಳಲ್ಲಿ ಯಾರೂ ಹೇಳುವುದಿಲ್ಲ, ಅದಕ್ಕೆ ರಾಗವಿಲ್ಲ ನೋಡಿ.

ಟೀವಿಯಲ್ಲಿ ಕಾಣಿಸಿಕೊಳ್ಳುವ ಹೆಂಗಸರು ತಲೆಯ ಮೇಲೆ ದುಪ್ಪಟ್ಟಾ ಹೊದೆಯಲೇಬೇಕು ಎಂಬ ಆದೇಶ ಬಂದಾಗ ನಿರೂಪಕಿ ಮಹತಾಬ್ ರಾಶ್ದಿ ಒಪ್ಪಲಿಲ್ಲ. ಕಾರ್ಯಕ್ರಮ ಕಳೆದುಕೊಂಡರು. ಘೋಷಣೆ ಕೂಗಲಿಲ್ಲ, ಕಲ್ಲೆಸೆಯಲಿಲ್ಲ. ಒಲ್ಲೆ ಎಂದು ಮನೆಯಲ್ಲಿ ಉಳಿದರು. 1983ರ ಫೆಬ್ರವರಿ 12ರಂದು ಲಾಹೋರಿನ ಮಾಲ್ ರಸ್ತೆಯಲ್ಲಿ ಹೆಂಗಸರು ಹೈಕೋರ್ಟಿಗೆ ಮನವಿ ಕೊಡಲು ಹೊರಟಿದ್ದರು. ಇಬ್ಬರು ಹೆಂಗಸರ ಸಾಕ್ಷ್ಯ ಒಬ್ಬ ಗಂಡಸಿನ ಸಾಕ್ಷ್ಯಕ್ಕೆ ಸಮ ಎನ್ನುವ ಕಾನೂನಿನ ಪ್ರಸ್ತಾಪದ ವಿರುದ್ಧ ಆ ಮನವಿ. ಲಾಠಿ ಬೀಸಿದರು, ಅಶ್ರುವಾಯು ಬಿಟ್ಟರು. ಜೊತೆಗಿದ್ದ ಕವಿ ಹಬೀಬ್ ಜಾಲಿಬ್ ಅವರಿಗೂ ಏಟು ಬಿತ್ತು. ಮೂರು ವರ್ಷ ಒಂದು ದಿನ ಕಳೆದ ಮೇಲೆ ಅದೇ ಊರಿನಲ್ಲಿ ಇಕ್ಬಾಲ್ ಬಾನೊ ಹಾಡಿದರು. ಹಾಡು ಆರಂಭವಾಗಿರಲಿಲ್ಲ, ಆಗಲೇ ಆರಂಭವಾಗಿದ್ದಕ್ಕೆ ದನಿ ಸಿಕ್ಕಿತ್ತು.

ದುಬೈಗೆ ಹೋದ ಆ ಧ್ವನಿಮುದ್ರಣದ ಪ್ರತಿಯ ಪ್ರತಿಯ ಪ್ರತಿಯೊಂದು ನಮ್ಮ ತಾಲ್ಲೂಕು ಊರಿಗೂ ಬಂದಿತ್ತು. ಕೊಲ್ಲಿಯಲ್ಲಿ ಕೆಲಸಕ್ಕಿದ್ದ ಚಾಚಾ ರಜೆಗೆ ಬರುವಾಗ ತಂದ ಕ್ಯಾಸೆಟ್ ಅದು. ನಾವಾಗ ಉರ್ದು ಶಾಲೆಯ ಹುಡುಗರು. ಚಾಚಾ ಕಿಟಕಿ ಮುಚ್ಚಿ ಹಾಕುತ್ತಿದ್ದರು. ಪಾಕಿಸ್ತಾನದ ಹಾಡು ಎಂದು ಅಕ್ಕಪಕ್ಕದವರು ತಿಳಿದಾರು ಎಂಬ ಅಂಜಿಕೆ. ನಮಗೆ ಹಾಡಿಗಿಂತ ಹೆಚ್ಚು ನೆನಪಿರುವುದು ನಡುನಡುವೆ ಏಳುವ ಚಪ್ಪಾಳೆ. ಟೇಪು ಸವೆದು ಅದು ಹೆಂಚಿನ ಮೇಲೆ ಮಳೆ ಬಿದ್ದಂತೆ ಕೇಳಿಸುತ್ತಿತ್ತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸುತ್ತ ಅದನ್ನು ಅಲ್ಲಿಯವರೆಗೆ ತಂದವರು ಯಾರೋ ನಮಗೆ ಗೊತ್ತಿಲ್ಲ. ಅವರ ಹೆಸರು ಯಾವ ಇತಿಹಾಸದಲ್ಲೂ ಇಲ್ಲ. ಅವರಿಲ್ಲದಿದ್ದರೆ ಹಾಡು ಆ ಸಭಾಂಗಣದ ಗೋಡೆಗಳ ಒಳಗೇ ಮುಗಿಯುತ್ತಿತ್ತು.

ಚಾಚಾ ಮುಚ್ಚಿದ ಕಿಟಕಿ ಆಮೇಲೆ ಬೇರೆ ರೀತಿಯಲ್ಲಿ ನೆನಪಾಯಿತು. 2019ರ ಡಿಸೆಂಬರಿನಲ್ಲಿ ಕಾನ್ಪುರದ ಐಐಟಿಯ ವಿದ್ಯಾರ್ಥಿಗಳು ಈ ಕವಿತೆ ಹಾಡಿದರು. ಅದು ಹಿಂದೂ ವಿರೋಧಿ ಎಂದು ದೂರು ಬಂದು, ಸಂಸ್ಥೆ ವಿಚಾರಣಾ ಸಮಿತಿ ರಚಿಸಿತು. ಗದ್ದುಗೆಯ ಮೇಲೆ ಕುಳಿತ ಸುಳ್ಳು ದೇವರುಗಳನ್ನು ಕುರಿತ ಪ್ರತಿಮೆಯನ್ನು ಪಕ್ಕದ ಮನೆಯವರ ದೇವರ ಮೇಲಿನ ಮಾತೆಂದು ಓದಲಾಯಿತು. ಲಾಹೋರಿನಲ್ಲಿ ಧರ್ಮದ ಹೆಸರಿನ ಪ್ರಭುತ್ವಕ್ಕೆ ಚುಚ್ಚಿದ ಮಾತು ಇಲ್ಲಿ ಬೇರೆ ಕಾರಣಕ್ಕೆ ಚುಚ್ಚಿತು.

ಇನ್ನೂ ಹತ್ತಿರದ ಮಾತೊಂದಿದೆ. 2022ರ ಫೆಬ್ರವರಿ 5ರಂದು ನಮ್ಮ ಕರ್ನಾಟಕದಲ್ಲಿ ಸಮವಸ್ತ್ರದ ಆದೇಶ ಹೊರಟಿತು. ಮಾರ್ಚ್ 15ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಆ ತಿಂಗಳುಗಳಲ್ಲಿ ತಲೆವಸ್ತ್ರ ತೆಗೆಯಲೊಲ್ಲದ ಹುಡುಗಿಯರು ಕಾಲೇಜಿನ ಗೇಟಿನ ಹೊರಗೆ ಪುಸ್ತಕ ಹಿಡಿದು ನಿಂತಿದ್ದರು. ಪಾಕಿಸ್ತಾನದಲ್ಲಿ ಹೊದೆಯಲೊಲ್ಲೆ ಎಂದ ಹೆಣ್ಣು, ಇಲ್ಲಿ ತೆಗೆಯಲೊಲ್ಲೆ ಎಂದ ಹೆಣ್ಣು. ಎರಡು ಕಡೆಯೂ ಪ್ರಶ್ನೆ ಒಂದೇ: ಅವಳ ಮೈಮೇಲಿನ ಬಟ್ಟೆಯನ್ನು ತೀರ್ಮಾನಿಸುವವರು ಯಾರು? ಇಕ್ಬಾಲ್ ಬಾನೊ ಸೀರೆಗೆ ಚಪ್ಪಾಳೆ ತಟ್ಟಿದ ನಮ್ಮ ಎಷ್ಟೋ ಪ್ರಗತಿಪರ ಮಿತ್ರರು ಆ ಹುಡುಗಿಯರ ವಿಷಯದಲ್ಲಿ ಮೌನವಾದರು. ಆ ಹುಡುಗಿಯರಿಗಾಗಿ ಕಣ್ಣೀರಿಟ್ಟ ನಮ್ಮ ಸಮುದಾಯದ ಎಷ್ಟೋ ಹಿರಿಯರು ಮಹತಾಬ್ ರಾಶ್ದಿ ಹೆಸರು ಕೇಳಿದರೆ ಮುಖ ಸಿಂಡರಿಸುತ್ತಾರೆ. ಇಬ್ಬರಿಗೂ ಬೇಕಿರುವುದು ತಮಗೆ ಒಪ್ಪಿಗೆಯಾಗುವ ಪ್ರತಿರೋಧ ಮಾತ್ರ. ನಾವು ಈ ಮಾತಿನಿಂದ ಹೊರಗಿನವರೇನಲ್ಲ.

ಸಣ್ಣ ನಡೆಗಳಿಂದ ಸರ್ವಾಧಿಕಾರಿಗಳು ಬೀಳುತ್ತಾರೆ ಎಂದು ನಾವು ಹೇಳುತ್ತಿಲ್ಲ. ಜಿಯಾ ಹೋದದ್ದು ಹಾಡಿನಿಂದಲ್ಲ, 1988ರ ಆಗಸ್ಟ್ 17ರ ವಿಮಾನ ದುರಂತದಲ್ಲಿ. ಹುದೂದ್ ಕಾನೂನುಗಳಿಗೆ ಒಂದು ಗಟ್ಟಿಯಾದ ತಿದ್ದುಪಡಿ ಬರಲು 2006ರವರೆಗೆ ಕಾಯಬೇಕಾಯಿತು. ಮನೆಯಲ್ಲಿ ಕುಳಿತು ಒಂದು ಕವಿತೆ ಕೇಳಿದರೆ ನಮ್ಮ ಪಾಲಿನ ಕರ್ತವ್ಯ ಮುಗಿಯಿತು ಎಂದುಕೊಳ್ಳುವುದೂ ಒಂದು ಮೋಸವೇ. ಆದರೆ ಐವತ್ತು ಸಾವಿರ ಜನರ ಕತೆ ಅದಕ್ಕಿಂತ ದೊಡ್ಡ ಮೋಸ. ಕ್ರೀಡಾಂಗಣ ತುಂಬಿದರಷ್ಟೇ ಪ್ರತಿರೋಧ ಎಂದಾದರೆ, ನೂರು ಕುರ್ಚಿ ಸಹ ತುಂಬಿಸಲಾಗದ ನಮ್ಮಂಥವರು ಸುಮ್ಮನಿರಲು ಒಳ್ಳೆಯ ನೆವ ಸಿಕ್ಕಂತಾಯಿತು.

ಸಭಾಂಗಣದ ಕತೆಯಲ್ಲಿ ಅಂಥ ನೆವವಿಲ್ಲ. ಅಲ್ಲಿ ಮೆಟ್ಟಿಲ ಮೇಲೆ ಕುಳಿತವರಿಗೂ ಕೆಲಸವಿತ್ತು, ಟೇಪು ಒತ್ತಿದವರಿಗೂ ಇತ್ತು, ರಾತ್ರಿ ಬಾಗಿಲು ಬಡಿದಾಗ ಕ್ಯಾಸೆಟ್ ಬಚ್ಚಿಟ್ಟವರಿಗೂ ಇತ್ತು. ಮುಂದಿನ ಸಲ ಯಾರಾದರೂ ವೇದಿಕೆಯಲ್ಲಿ ಇಕ್ಬಾಲ್ ಬಾನೊ ಕತೆ ಹೇಳಿದರೆ, ದಯವಿಟ್ಟು ಜನರ ಸಂಖ್ಯೆಯನ್ನು ತಿದ್ದಿ. ನಮ್ಮ ಮಟ್ಟಿಗೆ, ಆ ಮುದುಕಿಯ ಕತೆ ಮತ್ತೆ ಅಚ್ಚಾಗುವಾಗ ಭಾಷಣವನ್ನು ತೆಗೆದುಹಾಕಿದ್ದೇವೆ. ಆಕೆ ಈಗ ಹಾಲು ಕೊಟ್ಟು ಸುಮ್ಮನೆ ಮನೆಗೆ ಬರುತ್ತಾಳೆ.