ಐದು ಭಾಷಣಕ್ಕೆ ನಾಲ್ಕು ನಕ್ಷತ್ರ

ಗೋಷ್ಠಿಗಳಿಗೆ ಹೋಗಿ ಭಾಷಣ ಕೇಳುವ ಚಟ ಹತ್ತಿಸಿಕೊಂಡವರಿಗೆ ಈಚೆಗೆ ಒಂದು ಕೆಲಸ ಹೆಚ್ಚಾಗಿದೆ. ವಂದನಾರ್ಪಣೆಯವರು ಇನ್ನೂ ಶಾಮಿಯಾನದವರನ್ನೂ ಮೈಕಿನವರನ್ನೂ ನೆನೆಯುತ್ತಿರುವಾಗಲೇ ಪರದೆಯ ಮೇಲೆ ಕ್ಯೂಆರ್ ಕೋಡ್ ಬರುತ್ತದೆ. ಅಭಿಪ್ರಾಯ ತಿಳಿಸಬೇಕಂತೆ. ಮೊಬೈಲ್ ಹಿಡಿದು ತೆರೆದರೆ ಇರುವುದು ಒಂದೇ ಪ್ರಶ್ನೆ: ಕಾರ್ಯಕ್ರಮ ಹೇಗಿತ್ತು? ಕೆಳಗೆ ಐದು ನಕ್ಷತ್ರ. ಬೆಳಗಿನಿಂದ ವೇದಿಕೆಯಲ್ಲಿ ಮಾತಾಡಿದವರು ಐವರು. ಒಬ್ಬರು ವಿಷಯವನ್ನು ಅರೆದು ಕುಡಿದವರು. ಇನ್ನೊಬ್ಬರು ತಮ್ಮ ವಿಷಯ ಯಾವುದೆಂದು ಆಮಂತ್ರಣ ಪತ್ರಿಕೆ ನೋಡಿ ತಿಳಿದವರು. ಉಪ್ಪಿಟ್ಟು ಚೆನ್ನಾಗಿತ್ತು. ಎಲ್ಲಕ್ಕೂ ಸೇರಿಸಿ ನಾಲ್ಕು ನಕ್ಷತ್ರ ಒತ್ತಿ ಎದ್ದರೆ, ಅದರಲ್ಲಿ ಯಾರ ಪಾಲು ಎಷ್ಟು?

ಇದನ್ನು ಸರಿಪಡಿಸಲು ಹೊರಟ ಕೆಲವರು ಐವರಿಗೂ ಬೇರೆ ಬೇರೆ ಫಾರ್ಮ್ ಮಾಡಿ ಐದು ಲಿಂಕುಗಳನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಮೊದಲನೆಯದನ್ನು ಒಂದಷ್ಟು ಜನ ತುಂಬುತ್ತಾರೆ, ಐದನೆಯದರ ಹೊತ್ತಿಗೆ ಎಲ್ಲರೂ ಬಸ್ ಹತ್ತಿರುತ್ತಾರೆ. ಹಾಗಾಗಿ ಫಾರ್ಮ್ ಒಂದೇ ಇರಬೇಕು, ಅದರೊಳಗೆ ಒಬ್ಬೊಬ್ಬರಿಗೂ ಅವರದೇ ಕೋಣೆ ಇರಬೇಕು.

ಗೂಗಲ್ ಫಾರ್ಮ್ಸ್‌ನಲ್ಲಿ ಮೊದಲು ಕಣ್ಣಿಗೆ ಬೀಳುವ ಸುಲಭ ದಾರಿ ಗ್ರಿಡ್. ಎಡಕ್ಕೆ ಭಾಷಣಕಾರರ ಹೆಸರು, ಮೇಲೆ ‘ಉತ್ತಮ’, ‘ಸಾಧಾರಣ’ ಮುಂತಾದ ದರ್ಜೆಗಳು. ಕಂಪ್ಯೂಟರಿನಲ್ಲಿ ಚೆಂದ ಕಾಣುತ್ತದೆ. ನನಗೆ ಮಾತ್ರ ಇದು ಸೇರುವುದಿಲ್ಲ. ಮೊಬೈಲಿನಲ್ಲಿ ಬಲಗಡೆಯ ಕಾಲಂಗಳು ಪರದೆಯಾಚೆ ಹೋಗಿ ಕೂರುತ್ತವೆ, ಎಳೆದು ನೋಡುವ ತಾಳ್ಮೆ ಯಾರಿಗಿದೆ? ಸುಸ್ತಾದ ಬೆರಳು ಮೇಲಿಂದ ಕೆಳಕ್ಕೆ ಒಂದೇ ಸಾಲಿನಲ್ಲಿ ಒತ್ತುತ್ತಾ ಇಳಿದುಬಿಡುತ್ತದೆ.

ಅದಕ್ಕಿಂತ ಸೆಕ್ಷನ್‌ಗಳೇ ವಾಸಿ. ಒಬ್ಬರಿಗೆ ಒಂದು ಸೆಕ್ಷನ್. ಪ್ರತಿಯೊಂದಕ್ಕೂ ಮುಂಚೆ ‘ಇವರ ಭಾಷಣ ಕೇಳಿದಿರಾ?’ ಎಂಬ ಪ್ರಶ್ನೆ. ‘ಇಲ್ಲ’ ಎಂದವರನ್ನು ಫಾರ್ಮೇ ಮುಂದಿನವರ ಬಳಿಗೆ ದಾಟಿಸುತ್ತದೆ. ಊಟ ಮುಗಿಸಿ ಬಂದವರು ಬೆಳಗಿನ ಭಾಷಣಕ್ಕೆ ಅಂಕ ಕೊಡುವ ಅನ್ಯಾಯ ತಪ್ಪುತ್ತದೆ. ಆದರೆ ‘ಯಾರ್‍ಯಾರ ಮಾತು ಕೇಳಿದಿರಿ, ಟಿಕ್ ಮಾಡಿ’ ಎಂದು ಚೆಕ್‌ಬಾಕ್ಸ್ ಕೊಟ್ಟು, ಅದರ ಮೇಲೆ ದಾರಿ ಕವಲೊಡೆಸಲು ಆಗುವುದಿಲ್ಲ. ಒಂದೇ ಉತ್ತರ ಆರಿಸುವ ಪ್ರಶ್ನೆ ಅಥವಾ ಡ್ರಾಪ್‌ಡೌನ್ ಇದ್ದರಷ್ಟೇ ಆ ಸೌಲಭ್ಯ. ಇನ್ನೊಂದು ಕಿರಿಕಿರಿ, ಉತ್ತರಗಳು ಬಂದು ಸೇರುವ ಶೀಟ್ ತೆರೆದಾಗ ಗೊತ್ತಾಗುತ್ತದೆ. ಐದು ಸೆಕ್ಷನ್‌ನಲ್ಲೂ ‘ವಿಷಯ ಅರ್ಥವಾಯಿತೇ?’ ಎಂದೇ ಕೇಳಿದ್ದರೆ, ಅದೇ ತಲೆಬರಹದ ಐದು ಕಾಲಂಗಳು ಸಾಲಾಗಿ ನಿಂತಿರುತ್ತವೆ. ಸೆಕ್ಷನ್ನಿನ ಹೆಸರು ಅಲ್ಲಿಗೆ ಬರುವುದಿಲ್ಲ. ಭಾಷಣಕಾರರ ಹೆಸರನ್ನು ಪ್ರಶ್ನೆಯೊಳಗೇ ಸೇರಿಸಿಬಿಡಬೇಕು.

ಇನ್ನು, ಕೇಳುವುದೇನನ್ನು? ‘ವಿಷಯ ಜ್ಞಾನ, ಭಾಷೆ, ನಿರೂಪಣೆ, ಸಮಯಪಾಲನೆ’ ಎಂದು ಪಟ್ಟಿ ಮಾಡಿ ಒಂದೊಂದಕ್ಕೂ ಅಂಕ ಕೇಳುವುದು ವಾಡಿಕೆ. ಆದರೆ ಆ ಅಂಕಗಳು ಬೇರೆ ಬೇರೆಯಾಗಿ ಬೀಳುವುದು ಕಷ್ಟ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಕೂಡಿಸಿ ಕಳೆದು ನೋಡಿದ. ಮೈಕಟ್ಟಿಗೆ ಹೆಚ್ಚು ಅಂಕ ಬಿದ್ದವನಿಗೆ ಬುದ್ಧಿಗೂ ನಡತೆಗೂ ಹೆಚ್ಚೇ ಬಿದ್ದಿತ್ತು. ಒಟ್ಟಾರೆ ಇಷ್ಟವಾದವನು ಎಲ್ಲದರಲ್ಲೂ ಪಾಸು. ನಮ್ಮ ಸಭೆಗಳಲ್ಲಿ ಕಂಚಿನ ಕಂಠಕ್ಕೆ ಸಿಗುವ ಮರ್ಯಾದೆಯೂ ಇದೇ.

ಇದಕ್ಕಿಂತ ಮಜವಾದದ್ದು ಡಾಕ್ಟರ್ ಫಾಕ್ಸ್ ಪ್ರಸಂಗ. ಕ್ಯಾಲಿಫೋರ್ನಿಯಾದ ಡೊನಾಲ್ಡ್ ನಾಫ್ಟುಲಿನ್ ಮತ್ತು ಸಂಗಡಿಗರು ಮೈಕೆಲ್ ಫಾಕ್ಸ್ ಎಂಬ ನಟನನ್ನು ಹಿಡಿದು, ವೈದ್ಯ ಶಿಕ್ಷಣಕ್ಕೆ ಗಣಿತದ ಗೇಮ್ ಥಿಯರಿಯನ್ನು ಅನ್ವಯಿಸುವ ಬಗ್ಗೆ ಭಾಷಣ ಮಾಡಿಸಿದರು. ಆತನಿಗೆ ಆ ವಿಷಯದ ಗಂಧಗಾಳಿ ಇಲ್ಲ. ಒಂದಕ್ಕೊಂದು ತಾಳೆಯಾಗದ ಮಾತು, ಅರ್ಥವಿಲ್ಲದ ಹೊಸ ಪದ, ನಡುನಡುವೆ ನಗೆಚಟಾಕಿ. ಇದನ್ನೇ ಗತ್ತಿನಿಂದ ಹೇಳುವಂತೆ ತಯಾರು ಮಾಡಿದ್ದರು. ಕೇಳುತ್ತಾ ಕೂತವರು ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಪಾಠ ಹೇಳುವವರು. ಕೊನೆಗೆ ಪ್ರಶ್ನಾವಳಿ ಕೊಟ್ಟಾಗ ಬಹುಪಾಲು ಹೊಗಳಿಕೆಯೇ ಬಂತು. ಈತನ ಪ್ರಬಂಧಗಳನ್ನು ಓದಿದ್ದೇನೆ ಎಂದವರೂ ಒಬ್ಬರಿದ್ದರು! 1973ರಲ್ಲಿ ಇದು ವೈದ್ಯ ಶಿಕ್ಷಣದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಸಮ್ಮೇಳನಗಳ ಮುಂದಿನ ಸಾಲಿನಲ್ಲಿ ಕೂರುವವರೆಲ್ಲ ಒಮ್ಮೆ ಓದಬೇಕು.

ಆದ್ದರಿಂದ ಅಂಕದ ಪ್ರಶ್ನೆಯನ್ನು ಒಬ್ಬರಿಗೆ ಒಂದಕ್ಕೆ ಮುಗಿಸಿ, ಬರೆಯುವ ಪ್ರಶ್ನೆ ಎರಡು ಇಡುವುದು ನನ್ನ ರೂಢಿ. ಇವರು ಹೇಳಿದ್ದರಲ್ಲಿ ನಿಮಗೆ ನೆನಪಿರುವ ಒಂದು ಸಂಗತಿ ಯಾವುದು? ಎಲ್ಲಿ ಕತ್ತರಿ ಹಾಕಬಹುದಿತ್ತು? ಮೊದಲನೆಯದರಲ್ಲಿ ಫಾಕ್ಸ್‌ಗಳು ಸಿಕ್ಕಿಬೀಳುತ್ತಾರೆ: ನಕ್ಷತ್ರ ಐದು, ನೆನಪಿನ ಕಡೆ ಬರೀ ‘ತುಂಬಾ ಚೆನ್ನಾಗಿ ಮಾತಾಡಿದರು’. ಎರಡನೆಯದು ಪರಿಚಯವಿದ್ದವರ ಬಾಯನ್ನೂ ಬಿಡಿಸುತ್ತದೆ. ದೋಷ ಹೇಳಿ ಎಂದರೆ ಹಿಂದೇಟು ಹಾಕುವವರು ಕತ್ತರಿ ಕೊಟ್ಟರೆ ಸಂತೋಷದಿಂದ ಹಿಡಿಯುತ್ತಾರೆ. ಬರೆದವರ ಹೆಸರು, ಇಮೇಲ್ ಕೇಳಲೇಬಾರದು. ನಾಳೆ ನಮ್ಮ ಪುಸ್ತಕಕ್ಕೆ ಮುನ್ನುಡಿ ಬರೆಯಬೇಕಾದವರ ಬಗ್ಗೆ ಇವತ್ತು ಸಹಿ ಹಾಕಿ ನಿಜ ಹೇಳುವ ಧೈರ್ಯ ನಮ್ಮಲ್ಲಿ ಎಷ್ಟು ಜನರಿಗಿದೆ?

ಹೆಸರು ಮರೆಸದೆ ಎದುರಿಗೇ ಹೇಳುವ ಕಡೆಗಳೂ ಇವೆ. 1924ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಆ್ಯನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರುಮಾಡಿದ, ಭಾಷಣ ಅಭ್ಯಾಸ ಮಾಡುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬುಗಳಲ್ಲಿ, ತಯಾರಾಗಿ ಬಂದ ಪ್ರತಿ ಭಾಷಣಕಾರನಿಗೂ ಒಬ್ಬ ವಿಮರ್ಶಕ ಗೊತ್ತಾಗಿರುತ್ತಾನೆ. ಆತ ಎದ್ದುನಿಂತು ಎಲ್ಲರೆದುರೇ ಹೇಳುತ್ತಾನೆ. ನಮ್ಮಲ್ಲಿ ಅದು ನಡೆಯುವ ಮಾತಲ್ಲ; ಮಾತು ಮುಗಿಸಿ ಎಂದು ಅಧ್ಯಕ್ಷರು ಚೀಟಿ ಕಳಿಸಿದರೇ ಮುಖ ಊದಿಸಿಕೊಳ್ಳುವವರಿದ್ದಾರೆ.

ಬಂದ ಉತ್ತರಗಳನ್ನು ತಲುಪಿಸುವಾಗಲೂ ಹುಷಾರಾಗಿರಬೇಕು. ಇಡೀ ಶೀಟನ್ನು ಐವರಿಗೂ ಹಂಚಿದರೆ ಮರುದಿನದಿಂದ ಇಬ್ಬರ ನಡುವೆ ಮಾತು ನಿಲ್ಲುತ್ತದೆ. ಕಾಲಂ ಮರೆಮಾಡಿ ಕಳಿಸಿದರೂ ತೆರೆಯಲು ಬರುತ್ತದೆ. ಅವರವರದನ್ನು ಬೇರೆ ಫೈಲಿಗೆ ನಕಲು ಮಾಡಿಯೇ ಕೊಡಬೇಕು. ಐದೇ ಜನ ತುಂಬಿದ್ದರೆ ಸರಾಸರಿ ಹಾಕುವುದೇ ಬೇಡ. ನಾಲ್ವರು ಐದೈದು ಕೊಟ್ಟು ಒಬ್ಬ ಸಿಡುಕ ಒಂದು ಕೊಟ್ಟರೆ 4.2 ಬರುತ್ತದೆ, ಅದರಿಂದ ಯಾರಿಗೆ ಏನು ತಿಳಿಯಿತು? ಬರೆದ ಸಾಲುಗಳನ್ನು ಮಾತ್ರ ಕಾಗುಣಿತ ಸಮೇತ ಇದ್ದ ಹಾಗೇ ಕಳಿಸಿ. ‘ಸಮಯದ ಅಭಾವ ಎಂದು ನಾಲ್ಕು ಸಲ ಹೇಳಿದ್ದನ್ನು ಬಿಟ್ಟಿದ್ದರೆ ಸಮಯ ಉಳಿಯುತ್ತಿತ್ತು’ ಎಂಬಂಥ ಸಾಲು ಓದಿದವರು ಮುಂದಿನ ಸಲ ಮೈಕಿನ ಮುಂದೆ ನಿಂತಾಗ ಗಡಿಯಾರ ನೋಡಿಕೊಳ್ಳುತ್ತಾರೆ.