ಪದಗ್ರಹಣ ಉಂಟು, ಚಾರ್ಜ್ ಲಿಸ್ಟ್ ಇಲ್ಲ

ದೀಪ ಹಚ್ಚಬೇಕಾದ ಮೇಣದಬತ್ತಿ ಫ್ಯಾನಿನ ಗಾಳಿಗೆ ಎರಡು ಸಲ ಆರುತ್ತದೆ. ಮೂರನೆಯ ಸಲಕ್ಕೆ ಯಾರೋ ಓಡಿಹೋಗಿ ಫ್ಯಾನ್ ನಿಲ್ಲಿಸುತ್ತಾರೆ. ಪ್ರಾರ್ಥನೆ, ಸ್ವಾಗತ, ಹಾರದ ಬದಲು ಪುಸ್ತಕ, ಪ್ರಾಂಶುಪಾಲರಿಂದ ಪ್ರಮಾಣವಚನ ಬೋಧನೆ, ಎದೆಗೆ ಬ್ಯಾಡ್ಜು, ಹೆಗಲಿಂದ ಸೊಂಟಕ್ಕೆ ಇಳಿಬಿದ್ದ ಬಣ್ಣದ ಪಟ್ಟಿ. ಅತಿಥಿಗಳ ಭಾಷಣದಲ್ಲಿ ಅಬ್ದುಲ್ ಕಲಾಂ ಬಂದೇ ಬರುತ್ತಾರೆ. ಕರ್ನಾಟಕದ ಕಾಲೇಜುಗಳಲ್ಲಿ ವರ್ಷವರ್ಷವೂ ನಡೆಯುವ ವಿದ್ಯಾರ್ಥಿ ಸಂಘದ ಪದಗ್ರಹಣವನ್ನು ಬರೀ ಪ್ರದರ್ಶನವೆಂದು ನೋಡಿದರೆ ಕೊರತೆ ಹೇಳುವಂತಿಲ್ಲ. ಎಲ್ಲರೂ ತಮ್ಮ ತಮ್ಮ ಪಾತ್ರ ಬಲ್ಲವರೇ. ಆದರೆ ಒಂದು ಪಾತ್ರ ಮಾತ್ರ ರಂಗದ ಮೇಲೆ ಬರುವುದೇ ಇಲ್ಲ. ಅದು ಹಳೆಯ ಕಾರ್ಯದರ್ಶಿಯದು.

ಇದರ ಸುಳಿವು ಹೆಸರಲ್ಲೇ ಇದೆ. ‘ಗ್ರಹಣ’ ಎಂದರೆ ಹಿಡಿದುಕೊಳ್ಳುವುದು. ಕೊಡುವವರು ಯಾರೆಂದು ಆ ಪದ ಕೇಳುವುದಿಲ್ಲ. ಕರಾವಳಿಯ ಕಡೆ ‘ಪದಪ್ರದಾನ’ ಎಂಬ ಮಾತೂ ಬಳಕೆಯಲ್ಲಿದೆ. ಅಲ್ಲಾದರೂ ಕೊಡುವವರು ಕಾಣಿಸಬೇಕಿತ್ತು. ಕಾಣಿಸುತ್ತಾರೆ, ಆದರೆ ಅವರು ಆ ದಿನದ ಅತಿಥಿ. ಆ ಸಂಘದಲ್ಲಿ ಒಂದು ದಿನವೂ ಕುರ್ಚಿ ಹೊರದವರು, ಒಂದು ರಸೀದಿಯನ್ನೂ ಹರಿಯದವರು ಪದವಿಯನ್ನು ‘ಪ್ರದಾನ’ ಮಾಡಿ, ಮಧ್ಯಾಹ್ನದ ಊಟ ಮುಗಿಸಿ ಹೊರಟುಬಿಡುತ್ತಾರೆ.

ಇದನ್ನು ಸರ್ಕಾರಿ ಶಾಲೆಯೊಂದರ ಚಾರ್ಜ್ ಕೊಡುವ ಪದ್ಧತಿಯ ಪಕ್ಕ ಇಟ್ಟು ನೋಡಬೇಕು. ಮುಖ್ಯಶಿಕ್ಷಕರು ವರ್ಗವಾದಾಗ ಚಾರ್ಜ್ ಲಿಸ್ಟ್ ತಯಾರಾಗುತ್ತದೆ. ನಗದು ಪುಸ್ತಕದ ಶಿಲ್ಕು, ಪಾಸ್‌ಬುಕ್ಕು, ದಾಖಲಾತಿ ವಹಿ, ಬಿಸಿಯೂಟದ ಅಕ್ಕಿ ಉಳಿದದ್ದೆಷ್ಟು, ಬೆಂಚುಗಳೆಷ್ಟು, ಬೀರುವಿನ ಕೀಲಿಕೈ ಎಲ್ಲಿ ಎಂಬುದೆಲ್ಲ ಕಾಗದದ ಮೇಲೆ ಬಂದು, ಕೊಟ್ಟವರು ಮತ್ತು ಪಡೆದವರು ಇಬ್ಬರೂ ಸಹಿ ಹಾಕುತ್ತಾರೆ. ಫೋಟೋ ತೆಗೆಯುವವರು ಅಲ್ಲಿ ಇರುವುದಿಲ್ಲ. ನೋಡಲು ಮಹಾ ನೀರಸವಾದ ಕ್ರಿಯೆ. ಆದರೂ ಮರುದಿನ ಬೆಳಿಗ್ಗೆ ಬೀರುವಿನ ಬಾಗಿಲು ತೆರೆಯುತ್ತದೆ.

ಕಾಲೇಜಿನ ಸಂಘದ ಬೀರು ತೆರೆಯುವುದಿಲ್ಲ. ತೆರೆದರೂ ಒಳಗೆ ಸಿಗುವುದು ಹಳೆಯ ಬ್ಯಾನರು, ಒಣಗಿದ ಬಣ್ಣದ ಡಬ್ಬಿ, ಯಾರೂ ಒಯ್ಯದ ಪ್ರಮಾಣಪತ್ರಗಳ ಕಟ್ಟು. ನಿಜವಾದ ಆಸ್ತಿ ಇರುವುದು ಫೋನುಗಳಲ್ಲಿ. ಇನ್‌ಸ್ಟಾಗ್ರಾಂ ಪುಟದ ಪಾಸ್‌ವರ್ಡ್ ಬದಲಿಸಲು ಹೊರಟರೆ ಓಟಿಪಿ ಹೋಗುವುದು ಓದು ಮುಗಿಸಿ ಬೇರೆ ಊರಲ್ಲಿ ಕೆಲಸಕ್ಕೆ ಸೇರಿದ ಅಣ್ಣನ ನಂಬರಿಗೆ. ಕಾಲೇಜು ಹಬ್ಬಕ್ಕೆ ಜಾಹೀರಾತು ಕೊಟ್ಟ ಬಟ್ಟೆ ಅಂಗಡಿಯವರ ಪರಿಚಯ, ಶಾಮಿಯಾನದವರಿಗೆ ಉಳಿಸಿಕೊಂಡ ಬಾಕಿ, ಖಜಾಂಚಿಯ ಸ್ವಂತ ಖಾತೆಗೆ ಯುಪಿಐ ಮೂಲಕ ಬಂದ ಪ್ರವೇಶ ಶುಲ್ಕ, ಇವೆಲ್ಲ ಒಬ್ಬೊಬ್ಬರ ಜೊತೆಗೇ ಪದವಿ ಮುಗಿಸಿ ಹೊರಟುಹೋಗುತ್ತವೆ. ಹೊಸಬರು ಅದೇ ಅಂಗಡಿಗೆ ಹೋಗಿ, ‘ಸರ್, ನಾವು ಕಾಲೇಜಿಂದ ಬಂದಿದ್ದೀವಿ’ ಎಂದು ಮೊದಲಿನಿಂದ ಶುರುಮಾಡುತ್ತಾರೆ. ಅಂಗಡಿಯವರಿಗೆ ಕಳೆದ ವರ್ಷದ್ದು ನೆನಪಿರುತ್ತದೆ, ಸಂಘಕ್ಕೆ ಇರುವುದಿಲ್ಲ.

ತಪ್ಪೆಲ್ಲ ಹುಡುಗರದೇ ಎನ್ನುವುದು ಸುಲಭ, ಆದರೆ ಅರ್ಧ ತಪ್ಪು ಕ್ಯಾಲೆಂಡರಿನದು. ಪದಾಧಿಕಾರಿಗಳಾಗುವವರು ಹೆಚ್ಚಾಗಿ ಕೊನೆಯ ವರ್ಷದವರು. ಅವರು ಪರೀಕ್ಷೆ ಬರೆದು ಹೋದ ಮೇಲೆ ಹೊಸ ವರ್ಷ ತೆರೆಯುತ್ತದೆ, ಪ್ರವೇಶಾತಿ ಮುಗಿಯುತ್ತದೆ, ಆಮೇಲೆ ಪದಗ್ರಹಣ. ಕೊಡುವ ಕೈ ಮತ್ತು ಪಡೆಯುವ ಕೈ ಒಂದೇ ದಿನ ಒಂದೇ ಕಡೆ ಇರುವುದೇ ಇಲ್ಲ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ಸಮಿತಿ 2006ರಲ್ಲಿ ಮಾಡಿದ ಶಿಫಾರಸುಗಳೂ ಈ ಗಂಟನ್ನು ಬಿಡಿಸಲಿಲ್ಲ. ವರ್ಷ ಆರಂಭವಾದ 6ರಿಂದ 8 ವಾರಗಳೊಳಗೆ ಚುನಾವಣೆ, ಅಭ್ಯರ್ಥಿಯ ವೆಚ್ಚಕ್ಕೆ 5,000 ರೂಪಾಯಿ ಮಿತಿ, ಶೇಕಡಾ 75 ಹಾಜರಿ ಎಂದೆಲ್ಲ ಏರುವ ಮೆಟ್ಟಿಲುಗಳನ್ನು ಅದು ಎಚ್ಚರದಿಂದ ಅಳೆಯಿತು. ಸುಪ್ರೀಂ ಕೋರ್ಟ್ ಅದೇ ವರ್ಷ ಅವನ್ನು ಜಾರಿಗೆ ತರಲು ಹೇಳಿತು. ಅದರಲ್ಲಿ ಬಳಸಿಕೊಳ್ಳಬಹುದಾದ ಒಂದು ನಿಯಮವಿತ್ತು: ಒಬ್ಬ ವಿದ್ಯಾರ್ಥಿ ಪದಾಧಿಕಾರಿ ಸ್ಥಾನಕ್ಕೆ ಒಮ್ಮೆ, ಕಾರ್ಯಕಾರಿ ಸದಸ್ಯ ಸ್ಥಾನಕ್ಕೆ ಎರಡು ಸಲ ಸ್ಪರ್ಧಿಸಬಹುದು. ಮೊದಲು ಸದಸ್ಯನಾಗಿ ಕೆಲಸ ಕಲಿತು ಆಮೇಲೆ ಕಾರ್ಯದರ್ಶಿಯಾಗುವ ದಾರಿ ಅಲ್ಲಿದೆ. ಆ ದಾರಿಯಲ್ಲಿ ನಡೆಯಿರಿ ಎಂದು ಹೇಳಿದವರು ಕಡಿಮೆ.

ಕರ್ನಾಟಕದ ಸಂಗತಿ ಇನ್ನೂ ಬೇರೆ. 1980ರ ದಶಕದ ಕೊನೆಗೆ ಇಲ್ಲಿ ಕಾಲೇಜು ಚುನಾವಣೆಗಳೇ ನಿಂತವು. ನಂತರ ಹಲವು ಕಡೆ ಅಂಕ ನೋಡಿಯೋ ಅಧ್ಯಾಪಕರ ಮಾತಿನ ಮೇಲೋ ಪದಾಧಿಕಾರಿಗಳನ್ನು ನೇಮಿಸುವ ಪದ್ಧತಿ ಬೇರೂರಿತು. ಹಸ್ತಾಂತರ ಟೊಳ್ಳಾಗಲು ಇದೇ ದೊಡ್ಡ ಕಾರಣವೆಂದು ಕಾಣುತ್ತದೆ. ಮೇಲಿನಿಂದ ಬಂದ ಪದವಿಯನ್ನು ಹುಡುಗ ಮೇಲಕ್ಕೇ ಹಿಂತಿರುಗಿಸುತ್ತಾನೆ; ಪಕ್ಕದವನಿಗೆ ಕೊಡಬೇಕೆಂದು ಅವನಿಗೆ ತೋಚುವುದೇ ಇಲ್ಲ. ಚೆಕ್ಕಿಗೆ ಸಹಿ ಪ್ರಾಂಶುಪಾಲರದು, ಅತಿಥಿಯ ಆಯ್ಕೆ ಸಂಘದ ಸಂಚಾಲಕರಾದ ಅಧ್ಯಾಪಕರದು. ಹೀಗಿರುವಾಗ ಕಾರ್ಯದರ್ಶಿ ಕೊಟ್ಟು ಹೋಗುವುದಾದರೂ ಏನನ್ನು, ವಂದನಾರ್ಪಣೆಯ ಚೀಟಿಯನ್ನೇ?

ಸಂಚಾಲಕರೇ ಸಂಘದ ನೆನಪಾಗಿ ಉಳಿದ ದೊಡ್ಡ ಉದಾಹರಣೆಗಳು ಕನ್ನಡದಲ್ಲೇ ಇವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಹಿಂದೆ ಎ.ಆರ್. ಕೃಷ್ಣಶಾಸ್ತ್ರಿಗಳಿದ್ದರು. 1919ರಲ್ಲಿ ಅಲ್ಲಿಂದ ಹೊರಟ ‘ಪ್ರಬುದ್ಧ ಕರ್ನಾಟಕ’ ಮುಂದೆ ಮೈಸೂರು ವಿಶ್ವವಿದ್ಯಾಲಯದ ಕೈಗೆ ಹೋಯಿತು. ಪತ್ರಿಕೆ ಬಾಳಿದ್ದು ಆ ಕೈಬದಲಿನಿಂದ. ಒಂದು ಸಂಘದ ಉತ್ಸಾಹ ತಣ್ಣಗಾಗುವ ಮೊದಲೇ ಅದಕ್ಕೊಂದು ಸಂಸ್ಥೆಯ ಆಸರೆ ಸಿಕ್ಕಿತು. ಇನ್ನೊಂದು ಉದಾಹರಣೆ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ. ಕನ್ನಡ ಓದುವವರು ವಿರಳವೆಂದು ಹೊರಗಿನವರು ಅಂದುಕೊಳ್ಳುವ ಆವರಣದಲ್ಲಿ ಚಿ. ಶ್ರೀನಿವಾಸರಾಜು ಪುಸ್ತಕ ಪ್ರಕಟಣೆ ನಡೆಸಿದರು, ಕಾಲೇಜು ವಿದ್ಯಾರ್ಥಿಗಳಿಗಾಗಿ ಬೇಂದ್ರೆ ಸ್ಮೃತಿ ಕವನ ಸ್ಪರ್ಧೆ ಏರ್ಪಡಿಸಿದರು. ಮುಂದೆ ಹೆಸರು ಮಾಡಿದ ಎಷ್ಟೋ ಕವಿಗಳು ಅಲ್ಲಿ ಮೊದಲು ಅಚ್ಚಾದರು. ಇಷ್ಟು ದೊಡ್ಡ ಕೆಲಸದ ಬಗ್ಗೆ ತಕರಾರು ತೆಗೆಯುವುದು ಸಣ್ಣತನವಾದೀತು. ಆದರೂ ಒಂದು ಮಾತು ಹೇಳಲೇಬೇಕು. ಈ ಎರಡು ಸಂಘಗಳ ಕತೆಯಲ್ಲಿ ಓದುಗರ ನೆನಪಿನಲ್ಲಿ ಉಳಿಯುವುದು ಮೇಷ್ಟರ ಹೆಸರು. ಆಯಾ ವರ್ಷದ ವಿದ್ಯಾರ್ಥಿ ಕಾರ್ಯದರ್ಶಿಗಳು ನೆನಪಾಗುವುದಿಲ್ಲ. ಒಳ್ಳೆಯ ಮೇಷ್ಟರಿದ್ದ ಕಡೆ ಹಸ್ತಾಂತರದ ಅಗತ್ಯವೇ ಯಾರಿಗೂ ಬೀಳಲಿಲ್ಲ. ಅಂಥವರಿಲ್ಲದ ನೂರಾರು ಕಡೆ ಅದನ್ನು ಕಲಿತವರೇ ಇರಲಿಲ್ಲ.

ಕಲಿಯಬೇಕೆಂದರೆ ಹತ್ತಿರದಲ್ಲೇ ಮಾದರಿಗಳಿವೆ. 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸ್ವಯಂಸೇವಕರ ಅವಧಿ ಎರಡು ವರ್ಷ, ಒಟ್ಟು 240 ಗಂಟೆ. ಏಳು ದಿನದ ಶಿಬಿರದಲ್ಲಿ ಎರಡನೆಯ ವರ್ಷದವರೂ ಹೊಸಬರೂ ಒಂದೇ ಹಳ್ಳಿಯ ಶಾಲೆಯಲ್ಲಿ ಮಲಗುತ್ತಾರೆ. ಇನ್ನೂರು ಜನಕ್ಕೆ ಉಪ್ಪಿಟ್ಟು ಮಾಡಲು ರವೆ ಎಷ್ಟು ಹಿಡಿಯುತ್ತದೆ, ಪಂಚಾಯಿತಿಯಲ್ಲಿ ಯಾರನ್ನು ಕೇಳಿದರೆ ನೀರಿನ ಟ್ಯಾಂಕರ್ ಬರುತ್ತದೆ ಎಂಬುದನ್ನು ಅಲ್ಲಿ ಯಾರೂ ಬರೆದುಕೊಡಬೇಕಾಗಿಲ್ಲ. ರೋಟರಾಕ್ಟ್ ಇನ್ನೊಂದು ಬಗೆ. ಅಲ್ಲಿ ವರ್ಷ ಜುಲೈ 1ಕ್ಕೆ ತಿರುಗುತ್ತದೆ, ಮುಂದಿನ ಅಧ್ಯಕ್ಷರು ಯಾರೆಂಬುದು ಮೊದಲೇ ಗೊತ್ತಿರುತ್ತದೆ, ಹೋದ ವರ್ಷದವರು ‘ನಿಕಟಪೂರ್ವ ಅಧ್ಯಕ್ಷ’ರಾಗಿ ಮಂಡಳಿಯಲ್ಲೇ ಕೂರುತ್ತಾರೆ. ಬಿರುದು ಕೊಂಚ ಭಾರವೆನಿಸಿದರೂ ಅದಕ್ಕೊಂದು ಕುರ್ಚಿ ಇದೆ.

ಎಲ್ಲಕ್ಕಿಂತ ಕಟ್ಟುನಿಟ್ಟು ಇಂಜಿನಿಯರಿಂಗ್ ಕಾಲೇಜುಗಳ ರೇಸ್ ಕಾರು ತಂಡಗಳದು. ಫಾರ್ಮುಲಾ ಸ್ಟೂಡೆಂಟ್ ಮಾದರಿಯ ಸ್ಪರ್ಧೆಯಲ್ಲಿ ಕಾರು ಓಡಿದರೆ ಸಾಲದು. ಈ ಭಾಗವನ್ನು ಹೀಗೇಕೆ ವಿನ್ಯಾಸ ಮಾಡಿದಿರಿ, ಖರ್ಚೆಷ್ಟು ಎಂದು ತೀರ್ಪುಗಾರರು ಕೂರಿಸಿಕೊಂಡು ಕೇಳುತ್ತಾರೆ. ‘ಸೀನಿಯರ್ಸ್ ಮಾಡಿದ್ರು ಸರ್’ ಎಂದರೆ ಅಂಕ ಬರುವುದಿಲ್ಲ. ಹಾಗಾಗಿ ಎರಡನೆಯ ವರ್ಷದ ಹುಡುಗಿ ವೆಲ್ಡಿಂಗ್ ಮಾಡುವವರ ಪಕ್ಕ ನಿಂತು ಟಿಪ್ಪಣಿ ಬರೆದುಕೊಳ್ಳುತ್ತಾಳೆ. ಮುಂದಿನ ವರ್ಷ ಉತ್ತರ ಹೇಳಬೇಕಾದವಳು ಅವಳೇ. ಸಾಂಸ್ಕೃತಿಕ ಸಂಘಕ್ಕೆ ಇಂಥ ತೀರ್ಪುಗಾರರಿಲ್ಲ. ಹೋದ ವರ್ಷ ಊಟಕ್ಕೆ ಯಾಕೆ ಅಷ್ಟಾಯಿತೆಂದು ಕೇಳುವವರೇ ಇಲ್ಲ.

ಹಸ್ತಾಂತರ ಅತಿಯಾಗುವ ಕಾಯಿಲೆಯೂ ಉಂಟು. ಓದು ಮುಗಿಸಿ ಎರಡು ವರ್ಷವಾದರೂ ವಾಟ್ಸಾಪ್ ಗುಂಪು ಬಿಡದೆ, ಹಬ್ಬದ ಪೋಸ್ಟರಿನ ಬಣ್ಣ ಸರಿಯಿಲ್ಲವೆಂದು ಮಧ್ಯರಾತ್ರಿ ಸಂದೇಶ ಕಳಿಸುವ ಅಣ್ಣಂದಿರು, ಅಕ್ಕಂದಿರು ಎಲ್ಲ ಕಾಲೇಜಿನಲ್ಲೂ ಸಿಗುತ್ತಾರೆ. ಇವರು ಕೊಟ್ಟೂ ಕೊಡದವರು. ಅಡುಗೆಮನೆಯ ಅಧಿಕಾರವನ್ನು ಸೊಸೆಗೆ ಬಿಟ್ಟುಕೊಟ್ಟು ಉಪ್ಪಿನ ಡಬ್ಬಿ ಮಾತ್ರ ಮಡಿಲಲ್ಲಿಟ್ಟುಕೊಂಡ ಅತ್ತೆಯ ರೀತಿ. ಹೊಸಬರಿಗೆ ಬೇಕಾದದ್ದು ಲೆಕ್ಕ, ಕೀಲಿಕೈ, ಫೋನ್ ನಂಬರು. ಸಲಹೆ ಅವರು ಕೇಳಿದಾಗ ಕೊಟ್ಟರೆ ಸಾಕು. ಆ ವ್ಯತ್ಯಾಸ ಗೊತ್ತಿರುವ ನಿರ್ಗಮಿತ ಕಾರ್ಯದರ್ಶಿ ಸಿಗುವುದು ಅಪರೂಪ, ಯಾಕೆಂದರೆ ಅವನು ಸೇರಿದಾಗ ಅವನಿಗೂ ಯಾರೂ ಏನೂ ಕೊಟ್ಟಿರಲಿಲ್ಲ.

ಈ ವರ್ಷದ ಆಹ್ವಾನಪತ್ರಿಕೆ ಇನ್ನೂ ಅಚ್ಚಿಗೆ ಹೋಗಿರದ ಕಾಲೇಜುಗಳಲ್ಲಿ ಪ್ರಮಾಣವಚನದ ಮೇಲೆ ಒಂದು ಸಾಲಿಗೆ ಜಾಗ ಮಾಡಲಿ: ‘ಲೆಕ್ಕಪತ್ರ ಮತ್ತು ಕಡತಗಳ ಹಸ್ತಾಂತರ, ನಿರ್ಗಮಿತ ಕಾರ್ಯದರ್ಶಿಯಿಂದ’. ಅವನ ಬಸ್ ಚಾರ್ಜನ್ನು ಸಂಘವೇ ಕೊಡಲಿ. ಅತಿಥಿಗಳ ಭಾಷಣದಲ್ಲಿ ಹತ್ತು ನಿಮಿಷ ಕಡಿಮೆಯಾದರೆ ಸಭಿಕರೇನೂ ಬೇಸರಪಟ್ಟುಕೊಳ್ಳುವುದಿಲ್ಲ.